ಬಿಲ್ ಲಿಂಕಿನಲ್ಲಿ ಕ್ವೆಶ್ಚನ್ ಮಾರ್ಕ್ ಆದಮೇಲೆ ಬರೋದನ್ನೆಲ್ಲ ತೆಗೀಬೇಕು, ದಾರಿ ಹೇಳಿ

ಅಂತರಗಂಗೆ (ಕೋಲಾರ), ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ಇಟ್ಟುಕೊಂಡಿರೋ ಒಬ್ಬರಿಗೆ ಬಿಲ್ಲಿನ ವೆಬ್ ಆ್ಯಪ್ ಬರೆದುಕೊಟ್ಟಿದ್ದೀನಿ. ಹರಾಜು ಮುಗಿದಮೇಲೆ ಎಷ್ಟು ಬಾಕ್ಸ್ ಬಂತು, ಬಾಕ್ಸಿಗೆ ಏನು ರೇಟು ಬಿತ್ತು, ಹಮಾಲಿಗೆ ಎಷ್ಟು ಹೋಯ್ತು, ಕೈಗೆ ಎಷ್ಟು ಉಳೀತು ಅನ್ನೋದು ರೈತರ ಮೊಬೈಲಿಗೆ ಎಸ್‌ಎಂಎಸ್ ಲಿಂಕಾಗಿ ಹೋಗುತ್ತೆ. ಮೊದಲೆಲ್ಲ ಕಾರ್ಬನ್ ಹಾಳೆ ಇಟ್ಟು ಬರೆದ ಚೀಟಿ ಕೊಡ್ತಿದ್ರು. ಅಂಗಿ ಜೇಬಲ್ಲಿ ಬೆವರಿಗೆ ನೆನೆದು ಊರು ಸೇರೋ ಹೊತ್ತಿಗೆ ಅಂಕಿ ಅಳಿಸಿರೋದು. ನಮ್ಮ ಮಾವನ ಒಂದು ಚೀಟಿಯಲ್ಲಿ 15 ಕೆಜಿ ಬಾಕ್ಸಿನ ರೇಟು 340 ಇತ್ತೋ 840 ಇತ್ತೋ ಅಂತ ಮನೇಲಿ ಇಡೀ ದಿನ ಜಗಳ ಆಗಿದ್ದನ್ನ ಕಣ್ಣಾರೆ ನೋಡಿದ್ದೀನಿ. ಆ ಜಗಳ ನೋಡಿಯೇ ಈ ಕೆಲಸಕ್ಕೆ ಕೈ ಹಾಕಿದ್ದು.

ಲಿಂಕು ಹೀಗಿದೆ. ಕೋಡಲ್ಲಿ ಇಂಗ್ಲಿಷ್ ಅಕ್ಷರ, ಇಲ್ಲಿ ಓದೋಕೆ ಅನುಕೂಲ ಆಗ್ಲಿ ಅಂತ ಕನ್ನಡದಲ್ಲಿ ಹಾಕಿದ್ದೀನಿ:

/ಬಿಲ್.ಪಿಎಚ್‌ಪಿ?ನಂ=4127&ಫೋನ್=ಹತ್ತು ಅಂಕಿ&ಊರು=ಶ್ರೀನಿವಾಸಪುರ&ಮೂಲ=ಎಸ್‌ಎಂಎಸ್

ಇದು ನನಗೆ ಎರಡು ಕಾರಣಕ್ಕೆ ಬೇಡವಾಗಿದೆ. ಒಂದು, ರೈತರ ಫೋನ್ ನಂಬರ್ ಅಡ್ರೆಸ್ ಬಾರ್‌ನಲ್ಲಿ ಎಲ್ಲರಿಗೂ ಕಾಣುತ್ತೆ. ಬಿಲ್ಲನ್ನ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ ನಂಬರೂ ಜೊತೆಗೆ ಹೋಯ್ತು. ಎರಡು, ಉದ್ದ. ಊರಿನ ಹೆಸರು ಕನ್ನಡದಲ್ಲಿದೆ. ಒಂದೊಂದು ಕನ್ನಡ ಅಕ್ಷರ ಭಾಗವೂ ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನ ಬರೆದಿಡೋ ರೀತಿ) ಮೂರು ಬೈಟ್, ಲಿಂಕಿನೊಳಗೆ ಹೋದಾಗ ಒಂದೊಂದು ಬೈಟೂ ಪರ್ಸೆಂಟ್ ಚಿಹ್ನೆ ಸೇರಿ ಮೂರು ಅಕ್ಷರ ಆಗುತ್ತೆ. ಶ್ರೀನಿವಾಸಪುರ ಅನ್ನೋದರಲ್ಲಿ ಒತ್ತು, ಗುಣಿತ ಎಲ್ಲ ಸೇರಿ 12 ಭಾಗ, ಲಿಂಕಲ್ಲಿ ಅದು 108 ಅಕ್ಷರ. ಕನ್ನಡದ ಎಸ್‌ಎಂಎಸ್ ಒಂದಕ್ಕೆ ಹಿಡಿಸೋದೇ 70. ಊರಿನ ಹೆಸರೊಂದಕ್ಕೇ ಒಂದೂವರೆ ಎಸ್‌ಎಂಎಸ್ ದುಡ್ಡು ಹೋಗ್ತಿದೆ.

ಮೊದಲು ಜಾವಾಸ್ಕ್ರಿಪ್ಟ್‌ನಲ್ಲಿ ಹಿಸ್ಟರಿಯ ರಿಪ್ಲೇಸ್‌ಸ್ಟೇಟ್ ಹಾಕಿ ಕ್ವೆಶ್ಚನ್ ಮಾರ್ಕಿಂದ ಮುಂದಕ್ಕೆಲ್ಲ ಕತ್ತರಿಸಿದೆ. ಅಡ್ರೆಸ್ ಬಾರ್ ನೀಟಾಯ್ತು. ಮಾರನೇ ದಿನ ಬೆಳಿಗ್ಗೆಯಿಂದ ಫೋನ್ ಮೇಲೆ ಫೋನ್. ‘ಬಿಲ್ ಬಂತು, ಕೆಳಕ್ಕೆ ಎಳೆದೆ, ಹೋಯ್ತಪ್ಪಾ’ ಅಂತ. ಪೇಜು ರಿಫ್ರೆಶ್ ಆದ ತಕ್ಷಣ ‘ಬಿಲ್ ಸಿಗಲಿಲ್ಲ’ ಅಂತ ತೋರಿಸ್ತಿತ್ತು. ಅದನ್ನ ತೆಗೆದುಹಾಕಿ, ಎಚ್‌ಟಿಆ್ಯಕ್ಸೆಸ್ ಅನ್ನೋ ಸರ್ವರ್ ಸೆಟ್ಟಿಂಗ್ ಫೈಲಲ್ಲಿ ರಿರೈಟ್‌ರೂಲ್ (ಅಡ್ರೆಸ್ ಬದಲಾಯಿಸೋ ಸಾಲು) ಬರೆದು /ಬಿಲ್/4127ಗೆ ಕಳಿಸೋಕೆ ನೋಡಿದೆ. ಅಲ್ಲಿಗೇನೋ ಹೋಯ್ತು, ಆದ್ರೆ ಹಿಂದೆ ?ನಂ=4127 ಅನ್ನೋ ಬಾಲ ಹಾಗೇ ಅಂಟಿಕೊಂಡಿದೆ. ಇನ್ನೊಂದು ಸಾಲು ತಿದ್ದಿದ್ದಕ್ಕೆ ‘ಟೂ ಮೆನಿ ರೀಡೈರೆಕ್ಟ್ಸ್’ ಅಂತ ಬ್ರೌಸರ್ ನಿಂತೇ ಹೋಯ್ತು.

ಶೇರ್ಡ್ ಹೋಸ್ಟಿಂಗ್, ಅಪಾಚೆ 2.4, ಪಿಎಚ್‌ಪಿ 8. ಕ್ವೆಶ್ಚನ್ ಮಾರ್ಕ್ ಆಚೆ ಬರೋ ಒಂದೇ ಒಂದು ಪ್ಯಾರಾಮೀಟರೂ ಕಾಣಬಾರದು. ಹೇಗೆ ಮಾಡೋದು?

ಕೈವಾರ (ಚಿಂತಾಮಣಿ), ಸೋಮವಾರ ರಾತ್ರಿ 10:15

ಅಣ್ಣಾ, ರಿಪ್ಲೇಸ್‌ಸ್ಟೇಟ್ ಬದಲಾಯಿಸೋದು ಅಡ್ರೆಸ್ ಬಾರನ್ನ ಮತ್ತೆ ಬ್ರೌಸರ್ ಹಿಸ್ಟರಿಯಲ್ಲಿರೋ ಆ ಒಂದು ಸಾಲನ್ನ ಅಷ್ಟೇ. ಸರ್ವರಿಗೆ ಅದರ ಸುಳಿವೇ ಇರಲ್ಲ. ರಿಫ್ರೆಶ್ ಮಾಡಿದಾಗ ಬ್ರೌಸರ್ ಈಗ ಬಾರ್‌ನಲ್ಲಿ ಏನಿದೆಯೋ ಅದನ್ನೇ ಕೇಳುತ್ತೆ, ನಿಮ್ಮ ಪಿಎಚ್‌ಪಿಗೆ ನಂಬರ್ರೇ ಬರಲ್ಲ. ರೈತರು ಹೇಳಿದ್ದು ಸರಿಯಾಗೇ ಇದೆ.

ರಿರೈಟ್‌ರೂಲ್ ವಿಷಯ. ಅದು ನೋಡೋದು ಕ್ವೆಶ್ಚನ್ ಮಾರ್ಕ್ ತನಕದ ಪಾಥ್ ಮಾತ್ರ. ಆಚೆ ಇರೋದನ್ನ ಹಿಡೀಬೇಕಾದ್ರೆ ಮೇಲೆ ಒಂದು ರಿರೈಟ್‌ಕಂಡ್ (ಕಂಡಿಷನ್ನಿನ ಸಾಲು) ಹಾಕಿ ಕ್ವೆರಿ ಸ್ಟ್ರಿಂಗನ್ನ, ಅಂದ್ರೆ ಆಚೆಯ ಆ ಭಾಗವನ್ನ, ಬೇರೆಯಾಗಿ ಕೇಳ್ಬೇಕು. ಬಾಲ ಅಂಟಿಕೊಳ್ಳೋಕೆ ಕಾರಣ ಏನಂದ್ರೆ, ನೀವು ಬರೆದ ಹೊಸ ಅಡ್ರೆಸ್ಸಲ್ಲಿ ಕ್ವೆಶ್ಚನ್ ಮಾರ್ಕ್ ಇಲ್ಲದಿದ್ರೆ ಅಪಾಚೆ ಹಳೇ ಕ್ವೆರಿಯನ್ನ ತಾನಾಗೇ ಹಿಂದೆ ಸೇರಿಸುತ್ತೆ. ರೂಲಿನ ಕೊನೇಲಿ ರೀಡೈರೆಕ್ಟಿಗೆ ಹಾಕಿರೋ ಆರ್ ಪಕ್ಕದಲ್ಲಿ ಕ್ಯೂಎಸ್‌ಡಿ ಅನ್ನೋ ಫ್ಲ್ಯಾಗ್ ಹಾಕಿ, ಬಾಲ ಬಿದ್ದುಹೋಗುತ್ತೆ. 2.4ರಿಂದ ಇದೆ ಅದು. ಅದಕ್ಕೆ ಮುಂಚೆ ಹೊಸ ಅಡ್ರೆಸ್ಸಿನ ತುದಿಗೆ ಬರೀ ಒಂದು ಕ್ವೆಶ್ಚನ್ ಮಾರ್ಕ್ ಇಡ್ತಿದ್ವಿ.

ಸುತ್ತಾಡ್ತಿರೋದು ಯಾಕಂದ್ರೆ, ಹಳೇ ಅಡ್ರೆಸ್ಸಿಂದ ಹೊಸದಕ್ಕೆ ರೀಡೈರೆಕ್ಟ್ ಮಾಡ್ತೀರ, ಹೊಸದನ್ನ ಒಳಗೊಳಗೇ ಮತ್ತೆ ಬಿಲ್.ಪಿಎಚ್‌ಪಿಗೆ ತಿರುಗಿಸ್ತೀರ, ಅದು ಮತ್ತೆ ಮೊದಲ ರೂಲಿಗೆ ಸಿಕ್ಕಿಹಾಕಿಕೊಳ್ಳುತ್ತೆ. ಮೊದಲ ರೂಲಿಗೆ ಕ್ವೆರಿ ಸ್ಟ್ರಿಂಗ್ ಬದಲು ‘ದಿ ರಿಕ್ವೆಸ್ಟ್’ ಅನ್ನೋ ವೇರಿಯಬಲ್ ಮೇಲೆ ಕಂಡಿಷನ್ ಇಡಿ. ಬ್ರೌಸರ್ ಕಳಿಸಿದ ಮೊದಲ ಸಾಲು ಅದರಲ್ಲಿ ಹೇಗಿತ್ತೋ ಹಾಗೇ ಇರುತ್ತೆ, ಒಳಗಿನ ತಿರುವಿಗೆ ಬದಲಾಗಲ್ಲ. ಟೆಸ್ಟ್ ಮಾಡುವಾಗ ರೀಡೈರೆಕ್ಟ್ ಕೋಡ್ 302 (ತಾತ್ಕಾಲಿಕ) ಇಟ್ಕೊಳ್ಳಿ. 301 (ಶಾಶ್ವತ) ಆದ್ರೆ ಬ್ರೌಸರ್ ನೆನಪಿಟ್ಟುಕೊಂಡುಬಿಡುತ್ತೆ, ರೂಲ್ ಸರಿ ಮಾಡಿದ್ರೂ ಹಳೇ ತಪ್ಪೇ ಕಾಣ್ತಿರುತ್ತೆ.

ಊರು, ಮೂಲ ಎರಡೂ ಲಿಂಕಲ್ಲಿ ಯಾಕೆ? ಬಿಲ್ ನಂಬರಿದ್ರೆ ಊರು ಡೇಟಾಬೇಸಲ್ಲೇ ಸಿಗುತ್ತಲ್ಲ. ನಂಬರ್ ಕಾಣೋದು ಬೇಡ ಅಂದ್ರೆ ಬೇಸ್64 ಮಾಡಿ (ಬೇರೆ ಅಕ್ಷರಗಳಲ್ಲಿ ಬರೆದು) ಹಾಕಿ, ಇಲ್ಲಾಂದ್ರೆ ಪೋಸ್ಟ್‌ನಲ್ಲಿ (ಅಡ್ರೆಸ್ಸಲ್ಲಿ ಕಾಣದ ಹಾಗೆ) ಕಳಿಸಿ.

ನಾಮದಚಿಲುಮೆ (ತುಮಕೂರು), ಸೋಮವಾರ ರಾತ್ರಿ 10:50

ಕೈವಾರ ಅವರು ರೂಲ್ ಬಗ್ಗೆ ಹೇಳಿದ್ದೆಲ್ಲ ಸರಿ. ಕೊನೇ ಸಾಲನ್ನ ಮಾತ್ರ ದಯವಿಟ್ಟು ಮಾಡಬೇಡಿ. ಬೇಸ್64 ಬೀಗ ಅಲ್ಲ, ಅದನ್ನ ಯಾರು ಬೇಕಾದ್ರೂ ಅರೆಗಳಿಗೇಲಿ ಬಿಚ್ಚಿ ಓದಬಹುದು. ಎಸ್‌ಎಂಎಸ್‌ನಲ್ಲಿರೋ ಲಿಂಕ್ ಒತ್ತಿದ್ರೆ ಬ್ರೌಸರ್ ಮಾಡೋದು ಗೆಟ್ಟೇ (ಅಡ್ರೆಸ್ಸಲ್ಲೇ ಎಲ್ಲಾ ಬರೆದು ಕೇಳೋದು), ಪೋಸ್ಟ್ ಆಗೋಕೆ ಫಾರಂ ಬೇಕು.

ಅಂತರಗಂಗೆ ಅವರೇ, ಮಿಕ್ಕಿದ್ದೆಲ್ಲ ಆಮೇಲೆ. ಈಗಲೇ ಒಂದು ಕೆಲಸ ಮಾಡಿ. ನಿಮ್ಮ ಮೊಬೈಲಲ್ಲಿ ಒಂದು ಬಿಲ್ ತೆಗೆದು, ಫೋನ್ ನಂಬರ್ ಮುಟ್ಟದೆ 4127 ಇರೋದನ್ನ 4128 ಮಾಡಿ. ಏನು ಕಾಣ್ತು ಅಂತ ಇಲ್ಲಿ ಬರೀರಿ.

ಅಂತರಗಂಗೆ, ಸೋಮವಾರ ರಾತ್ರಿ 11:05

ಕಂಡಿತು ಅಕ್ಕ. ಮುಳಬಾಗಿಲು ಕಡೆಯ ಬೇರೆ ಒಬ್ಬ ರೈತರ ಬಿಲ್ಲು. ಹೆಸರು, ಊರು, 48 ಬಾಕ್ಸ್, ಅವರು ಮಂಡಿಯಿಂದ ಮುಂಗಡ ತಗೊಂಡಿರೋ ದುಡ್ಡು, ಎಲ್ಲಾ. 4129 ಹಾಕಿದೆ, ಅದೂ ಬಂತು. ಅಲ್ಲಿಗೆ ನಿಲ್ಲಿಸಿದೆ.

ಫೋನ್ ನಂಬರ್ ಲಿಂಕಲ್ಲಿ ಇದೆಯಲ್ಲ, ಅದು ಹೊಂದದಿದ್ರೆ ಬಿಲ್ ತೆರೆಯಲ್ಲ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಕೋಡ್ ತೆಗೆದು ನೋಡ್ತಿದ್ದೀನಿ, ಎಲ್ಲೂ ಆ ಪ್ರಶ್ನೆಯೇ ಇಲ್ಲ. ಬಿಲ್ಲಿನ ತಲೆಯ ಮೇಲೆ ತೋರಿಸೋಕೆ ಮಾತ್ರ ಫೋನ್ ತಗೊಂಡಿದೆ. ಮುಂಗಡ ಅನ್ನೋದು ನಮ್ಮ ಕಡೆ ಮರ್ಯಾದೆಯ ವಿಷಯ. ಮಗಳ ಮದುವೆಗೋ ಬೋರ್‌ವೆಲ್ಲಿಗೋ ಎಷ್ಟು ತಗೊಂಡಿದ್ದಾರೆ ಅಂತ ಪಕ್ಕದ ಹೊಲದವರಿಗೂ ಗೊತ್ತಿರಲ್ಲ. ಅದು ಒಂದು ಅಂಕಿ ಬದಲಾಯಿಸಿದ್ರೆ ಸಿಗ್ತಿತ್ತು. ನನಗೆ ಕೈಕಾಲೇ ಆಡ್ತಿಲ್ಲ.

ಬಿಲ್ ಪೇಜು ಈಗಷ್ಟೇ ಬಂದ್ ಮಾಡಿದ್ದೀನಿ. ಮಂಡಿಯವರಿಗೂ ಫೋನ್ ಮಾಡಿ ಹೇಳಿದೆ. ನಾಳೆ ಚೀಟಿ ಬರೆದುಕೊಡ್ತಾರೆ.

ನಾಮದಚಿಲುಮೆ, ಸೋಮವಾರ ರಾತ್ರಿ 11:45

ಬಂದ್ ಮಾಡಿದ್ದು, ಮಂಡಿಯವರಿಗೆ ಹೇಳಿದ್ದು ಎರಡೂ ಒಳ್ಳೇದಾಯ್ತು. ಇದು ನಿಮ್ಮೊಬ್ಬರ ಕಥೆ ಅಲ್ಲ. ವೆಬ್ ಆ್ಯಪ್‌ಗಳ ದೊಡ್ಡ ಲೋಪಗಳದ್ದು ಓವಾಸ್ಪ್ ಅನ್ನೋ ವೆಬ್ ಸುರಕ್ಷತೆಯ ಸಂಸ್ಥೆಯವರು ಒಂದು ಪಟ್ಟಿ ಮಾಡ್ತಾರೆ, 2021ರ ಪಟ್ಟಿಯಲ್ಲಿ ಇದೇ ಜಾತಿಯ ತಪ್ಪು ಮೊದಲನೇದು. ಯಾರು ಕೇಳ್ತಿದ್ದಾರೆ ಅಂತ ನೋಡದೆ ಕೊಟ್ಟುಬಿಡೋದು. ನೀವು ಇವತ್ತು ಆ ಕ್ವೆರಿಯನ್ನ ಅಂದವಾಗಿ /ಬಿಲ್/4127 ಮಾಡಿ ಮುಗಿಸಿದ್ದಿದ್ರೆ, /ಬಿಲ್/4128 ಕೂಡ ಅಷ್ಟೇ ಅಂದವಾಗಿ ತೆರೆದುಕೊಳ್ತಿತ್ತು.

ಈಗ ಕೆಲಸ. ಬಿಲ್ ಸೇವ್ ಆಗುವಾಗ ಪಿಎಚ್‌ಪಿಯ ರ್‍ಯಾಂಡಮ್ ಬೈಟ್ಸ್ ಫಂಕ್ಷನ್ನಿಂದ 16 ಬೈಟ್ ತೆಗೆದು ಒಂದು ಗುಟ್ಟಿನ ಕೋಡ್ ಮಾಡಿ. ಯುಆರ್‌ಎಲ್‌ಗೆ ಹೊಂದೋ ಬೇಸ್64ನಲ್ಲಿ ಬರೆದರೆ 22 ಅಕ್ಷರ ಆಗುತ್ತೆ. ಬೇಸ್64 ಇಲ್ಲಿ ಬರೀ ಬರವಣಿಗೆ, ಗುಟ್ಟು ಇರೋದು ಆ 16 ಬೈಟಲ್ಲಿ. ಫೋನ್ ನಂಬರಿನ ಎಂಡಿ5 (ನಂಬರಿಂದ ಲೆಕ್ಕ ಹಾಕಿ ಮಾಡೋ ಗುರುತು) ಹಾಕೋ ಯೋಚನೆ ಬಂದ್ರೆ ಬಿಟ್ಟುಬಿಡಿ, ಹತ್ತು ಅಂಕಿಯ ನಂಬರುಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡೋದು ಕಂಪ್ಯೂಟರಿಗೆ ದೊಡ್ಡ ಕೆಲಸ ಅಲ್ಲ. ಎಸ್‌ಎಂಎಸ್‌ಗೆ ಹೋಗೋ ಲಿಂಕು /ಬ/ ಆದಮೇಲೆ ಆ 22 ಅಕ್ಷರ, ಅಷ್ಟೇ. ನಂಬರಿಲ್ಲ, ಊರಿಲ್ಲ, ಫೋನಿಲ್ಲ.

ಆದ್ರೆ ಅದನ್ನೇ ಅಡ್ರೆಸ್ ಬಾರ್‌ನಲ್ಲಿ ಉಳಿಸಬೇಡಿ. ಗುಟ್ಟು ಕ್ವೆರಿಯಲ್ಲಿದ್ರೂ ಪಾಥಲ್ಲಿದ್ರೂ ಹೋಗಿ ಕೂರೋ ಜಾಗ ಒಂದೇ: ಸರ್ವರಿನ ಆ್ಯಕ್ಸೆಸ್ ಲಾಗ್ (ಯಾರು ಯಾವ ಅಡ್ರೆಸ್ ಕೇಳಿದ್ರು ಅನ್ನೋ ದಾಖಲೆ), ಬ್ರೌಸರ್ ಹಿಸ್ಟರಿ. ಪೇಜಿಂದ ಬೇರೆ ಸೈಟಿಗೆ ಹೋದ್ರೆ ರೆಫರರ್ (ಎಲ್ಲಿಂದ ಬಂದ್ರು ಅನ್ನೋ ಅಡ್ರೆಸ್) ಆಗಿಯೂ ಹೋಗಬಹುದು. ಕ್ರೋಮ್ 85ರಿಂದ, ಅಂದ್ರೆ 2020ರಿಂದ, ಬೇರೆ ಸೈಟಿಗೆ ಡೊಮೇನ್ ಹೆಸರು ಮಾತ್ರ ಹೋಗುತ್ತೆ. ನಿಮ್ಮ ರೈತರ ಕೈಲಿರೋದೆಲ್ಲ ಹೊಸ ಫೋನೇ ಅಂತ ಹೇಳೋಕಾಗಲ್ಲ, ಅದಕ್ಕೆ ರೆಫರರ್ ಪಾಲಿಸಿ ಹೆಡರನ್ನ ‘ನೋ ರೆಫರರ್’ ಅಂತ ನೀವೇ ಕಳಿಸಿ.

ಹೀಗೆ ಮಾಡಿ. ಲಿಂಕ್ ಬಂದ ಕೂಡಲೇ ಕೋಡ್ ಸರಿ ಇದೆಯಾ, ಅವಧಿ ಮುಗಿದಿಲ್ಲವಾ ನೋಡಿ. ಸರಿಯಿದ್ರೆ ಸೆಷನ್ನಲ್ಲಿ (ಆ ಬ್ರೌಸರ್ ಬಗ್ಗೆ ಸರ್ವರ್ ಇಟ್ಟುಕೊಳ್ಳೋ ನೆನಪು) ‘ಇವರು 4127 ನೋಡಬಹುದು’ ಅಂತ ಬರೆದುಕೊಂಡು, 303 ರೀಡೈರೆಕ್ಟ್ ಕೊಟ್ಟು /ಬಿಲ್/4127ಗೆ ಕಳಿಸಿ. ಆ ಪೇಜು ತೆರೆಯುವಾಗ ಪ್ರತಿ ಸಲ ಸೆಷನ್ ಕೇಳಬೇಕು. ಸೆಷನ್ ಗುರುತು ಇಡೋ ಕುಕಿಗೆ ಎಚ್‌ಟಿಟಿಪಿ ಓನ್ಲಿ, ಸೆಕ್ಯೂರ್ ಎರಡೂ ಇರಲಿ. ಈಗ ರಿಫ್ರೆಶ್ ಮಾಡಿದ್ರೂ ಬಿಲ್ ಹೋಗಲ್ಲ, ಯಾಕಂದ್ರೆ ಬಾರ್‌ನಲ್ಲಿರೋ ಅಡ್ರೆಸ್ ನಿಜವಾದದ್ದು. ಬಾರಿಂದ ಕಾಪಿ ಮಾಡಿ ಗ್ರೂಪಿಗೆ ಹಾಕಿದ್ರೆ ಬೇರೆಯವರಿಗೆ ತೆರೆಯಲ್ಲ. ತಾವಾಗೇ ಎಸ್‌ಎಂಎಸ್ಸನ್ನೇ ಮಗನಿಗೆ ಕಳಿಸಿದ್ರೆ ತೆರೆಯುತ್ತೆ, ಚೀಟಿಯನ್ನ ಕೈಗೆ ಕೊಟ್ಟ ಹಾಗೆ. ಕೋಡನ್ನ ಒಂದೇ ಸಲಕ್ಕೆ ಸಾಯೋ ಹಾಗೆ ಮಾಡಬೇಡಿ. ರೈತರು ಬಿಲ್ಲನ್ನ ಸಂಜೆ ಒಂದು ಸಲ, ದುಡ್ಡು ಬ್ಯಾಂಕಿಗೆ ಬಿದ್ದಾಗ ಒಂದು ಸಲ ನೋಡ್ತಾರೆ. ಲಿಂಕಿನ ಪ್ರಿವ್ಯೂ ತೋರಿಸೋ ಆ್ಯಪ್‌ಗಳು ಮನುಷ್ಯರಿಗಿಂತ ಮುಂಚೆ ತಾವೇ ಒಮ್ಮೆ ತೆರೆದು ನೋಡೋದೂ ಉಂಟು. ಮೂವತ್ತು ದಿನ ಇಡಿ.

ಹಳೇ ಲಿಂಕುಗಳು ಬಂದ್ರೆ ಯಾವ ಬಿಲ್ಲೂ ತೋರಿಸಬೇಡಿ. ‘ಹೊಸ ಲಿಂಕ್ ಬೇಕಾ’ ಅಂತ ಒಂದು ಫಾರಂ ಸಾಕು. ಅಲ್ಲಿ ಫೋನ್ ನಂಬರ್ ಹಾಕಿದ್ರೆ, ಮಂಡಿಯ ಪುಸ್ತಕದಲ್ಲಿರೋ ಅದೇ ನಂಬರಿಗೆ ಎಸ್‌ಎಂಎಸ್ ಹೋಗಲಿ, ಪರದೆಯ ಮೇಲೆ ಏನೂ ಬರೋದು ಬೇಡ. ಕೈವಾರ ಅವರು ಹೇಳಿದ ಪೋಸ್ಟ್ ಬೇಕಾಗೋದು ಈ ಫಾರಮ್ಮಿಗೆ. ಗೆಟ್ ಆಗಿಯೇ ಇಟ್ರೆ ನಂಬರ್ ಮತ್ತೆ ಕ್ವೆಶ್ಚನ್ ಮಾರ್ಕಿನ ಹಿಂದೆ ಬಂದು ನಿಲ್ಲುತ್ತೆ.

ಹಳೇ ಲಾಗುಗಳಲ್ಲಿ ರೈತರ ನಂಬರುಗಳು ತುಂಬಿವೆ, ಅವನ್ನ ಅಳಿಸಬೇಕು. ಅಳಿಸೋ ಮುಂಚೆ ಕೂತು ಓದಿ. ಒಂದೇ ಐಪಿಯಿಂದ ಬಿಲ್ ನಂಬರ್ ಸಾಲಾಗಿ ಏರಿಕೊಂಡು ಹೋಗಿದ್ರೆ ಯಾರೋ ನಿಮಗಿಂತ ಮುಂಚೆ ನೋಡಿದ್ದಾರೆ ಅಂತ. ಆಗ ಆ ರೈತರಿಗೆ ತಿಳಿಸಲೇಬೇಕು.

ರೇಷ್ಮೆಗೂಡು (ಶಿಡ್ಲಘಟ್ಟ), ಮಂಗಳವಾರ ಬೆಳಿಗ್ಗೆ 7:30

ಅಕ್ಕ ಹೇಳಿದ್ದರ ಮೇಲೆ ಹೇಳೋಕೆ ನನಗೇನಿಲ್ಲ. ಆದ್ರೆ ‘ಒಂದೇ ಒಂದು ಪ್ಯಾರಾಮೀಟರೂ ಕಾಣಬಾರದು’ ಅಂದಿದ್ದೀರಲ್ಲ, ಆ ಮಾತಿಗೆ ನನ್ನ ಒಪ್ಪಿಗೆ ಇಲ್ಲ.

ನಾನು ಇಲ್ಲಿನ ಗೂಡಿನ ಮಾರ್ಕೆಟ್ಟಿನ ದಿನದ ರೇಟು ಹಾಕೋ ಒಂದು ಪುಟ್ಟ ಪೇಜ್ ನಡೆಸ್ತೀನಿ. ಅದರಲ್ಲಿ ?ತಳಿ=ದ್ವಿತಳಿ&ದಿನ=ನಿನ್ನೆ ಅಂತ ಬರುತ್ತೆ. ಒಂದು ಸಲ ಅದನ್ನೂ ನೀಟಾಗಿ ಕತ್ತರಿಸಿಬಿಟ್ಟಿದ್ದೆ. ಬುಕ್‌ಮಾರ್ಕ್ ಮಾಡಿಕೊಂಡಿದ್ದವರಿಗೆ ದಿನಾ ಮಿಶ್ರತಳಿ ರೇಟೇ ತೋರಿಸೋಕೆ ಶುರುವಾಯ್ತು. ಒಬ್ಬರು ಆ ರೇಟು ನಂಬಿಕೊಂಡು ಚಂದ್ರಿಕೆಯಿಂದ (ಹುಳು ಗೂಡು ಕಟ್ಟೋ ತಟ್ಟೆ) ಗೂಡು ಬಿಡಿಸೋದನ್ನ ಒಂದು ದಿನ ಮುಂದೆ ಹಾಕಿದ್ರು. ಅದು ನನಗೆ ಬಹಳ ನೋವಾಯ್ತು. ಹುಡುಕೋದು, ಸೋಸೋದು, ಎಷ್ಟನೇ ಪುಟ ಅನ್ನೋದು ಲಿಂಕಲ್ಲೇ ಇರಬೇಕು, ಕ್ವೆರಿ ಇರೋದೇ ಅದಕ್ಕೆ. ಗೂಗಲ್‌ಗೆ ಒಂದೇ ಪೇಜು ಹತ್ತು ಅಡ್ರೆಸ್ಸಲ್ಲಿ ಕಂಡ್ರೆ ಮುಖ್ಯವಾದದ್ದು ಯಾವುದು ಅಂತ ಕೆನಾನಿಕಲ್ ಲಿಂಕ್ ಟ್ಯಾಗಲ್ಲಿ ಹೇಳಿದ್ರಾಯ್ತು. 2009ರಿಂದ ಇದೆ ಅದು.

ಕತ್ತರಿಸಬೇಕಾದ್ದು ಯುಟಿಎಂ, ಎಫ್‌ಬಿಸಿಎಲ್‌ಐಡಿ ತರದವು. ಯಾರು ಎಲ್ಲಿಂದ ಬಂದ್ರು ಅಂತ ಲೆಕ್ಕ ಇಡೋಕೆ ಅಂಟಿಸಿರೋ ಚೀಟಿಗಳು, ಪೇಜಿಗೆ ಅವುಗಳಿಂದ ಏನೂ ಆಗಬೇಕಿಲ್ಲ. ನಿಮ್ಮ ‘ಮೂಲ=ಎಸ್‌ಎಂಎಸ್’ ಕೂಡ ಆ ಗುಂಪಿಗೇ ಸೇರಿದ್ದು. ಅವಕ್ಕೆ ರಿಪ್ಲೇಸ್‌ಸ್ಟೇಟ್ ಸರಿಯಾಗಿ ಹೊಂದುತ್ತೆ, ಹೋದ್ರೆ ರಿಫ್ರೆಶ್‌ನಲ್ಲಿ ಏನೂ ನಷ್ಟ ಇಲ್ಲ. ರಿಪ್ಲೇಸ್‌ಸ್ಟೇಟಿನ ಮೊದಲನೇ ಜಾಗದಲ್ಲಿ ಖಾಲಿ ಕೊಡದೆ ಈಗಿರೋ ಹಿಸ್ಟರಿ ಸ್ಟೇಟನ್ನೇ ವಾಪಸ್ ಕೊಡಿ, ಜಾವಾಸ್ಕ್ರಿಪ್ಟ್ ರೂಟರ್ ಬಳಸ್ತಿದ್ರೆ ಅದರ ಲೆಕ್ಕ ತಪ್ಪಲ್ಲ.

ನನಗೆ ಅರ್ಧ ದಿನ ತಿಂದ ಒಂದು ತೊಂದರೆ ಹೇಳಿಬಿಡ್ತೀನಿ. ಯುಆರ್‌ಎಲ್ ಸರ್ಚ್ ಪ್ಯಾರಮ್ಸ್ (ಲಿಂಕಿನ ಪ್ಯಾರಾಮೀಟರುಗಳ ಪಟ್ಟಿ) ಮೇಲೆ ಲೂಪ್ ಹಾಕಿ, ಯುಟಿಎಂ ಅಂತ ಶುರುವಾಗೋದನ್ನೆಲ್ಲ ಡಿಲೀಟ್ ಮಾಡ್ತಾ ಹೋದೆ. ಸೋರ್ಸ್ ಹೋಯ್ತು, ಕ್ಯಾಂಪೇನ್ ಹೋಯ್ತು, ನಡುವಿನ ಮೀಡಿಯಂ ಹಾಗೇ ಉಳೀತು. ಒಂದನ್ನ ತೆಗೆದ ತಕ್ಷಣ ಹಿಂದಿನದು ಮುಂದಕ್ಕೆ ಸರಿಯುತ್ತೆ, ಲೂಪು ಅದನ್ನ ದಾಟಿ ಹೋಗಿಬಿಡುತ್ತೆ. ಕೀಗಳನ್ನ ಮೊದಲು ಬೇರೆ ಅರೇಗೆ ನಕಲು ಮಾಡಿಕೊಂಡು ಆಮೇಲೆ ಅಳಿಸಿ.

ಕೈವಾರ, ಮಂಗಳವಾರ ಬೆಳಿಗ್ಗೆ 8:10

ಅಕ್ಕ, ಬೇಸ್64 ಮಾತು ವಾಪಸ್ ತಗೊಂಡೆ. ಅಣ್ಣಾ, ಲಿಂಕಿನ ರೂಪ ಬದಲಾದ್ರೆ ಎಸ್‌ಎಂಎಸ್ ಟೆಂಪ್ಲೇಟನ್ನೂ ನೋಡಿಕೊಳ್ಳಿ. 2024ರ ಅಕ್ಟೋಬರ್‌ನಿಂದ ನೋಂದಣಿ ಆಗದ ಲಿಂಕಿರೋ ಮೆಸೇಜ್ ಮುಂದಕ್ಕೆ ಹೋಗಬಾರದು ಅಂತ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮ ಇದೆ. ಬೆಳಿಗ್ಗೆ ಹರಾಜು ಮುಗಿದಮೇಲೆ ಮೆಸೇಜೇ ಹೋಗ್ಲಿಲ್ಲ ಅನ್ನೋ ಹಾಗಾಗಬಾರದು.

ಅಂತರಗಂಗೆ, ಭಾನುವಾರ ಮಧ್ಯಾಹ್ನ 12:20

ಎಲ್ಲರಿಗೂ ವಿಷಯ ತಿಳಿಸೋಣ ಅಂತ ಬಂದೆ.

ಲಾಗುಗಳನ್ನ ಮೊದಲು ಓದಿದೆ ಅಕ್ಕ. ಸಿಕ್ಕ ಲಾಗಿನಷ್ಟರಲ್ಲಿ ಒಂದೇ ಐಪಿಯಿಂದ ನಂಬರ್ ಏರಿಸಿಕೊಂಡು ಹೋದ ಗುರುತು ನಾನು ಸೋಮವಾರ ನೋಡಿದ ಎರಡು ಬಿಟ್ರೆ ಇನ್ನಿಲ್ಲ. ಆ ಎರಡು ಬಿಲ್ಲಿನ ರೈತರಿಗೆ ಮಂಡಿಯವರ ಮುಂದೆಯೇ ಫೋನ್ ಮಾಡಿ, ನಾನು ನಿಮ್ಮ ಬಿಲ್ ತೆರೆದು ನೋಡಿದ್ದೀನಿ, ತಪ್ಪು ನನ್ನದು, ಸರಿ ಮಾಡ್ತಿದ್ದೀನಿ ಅಂತ ಹೇಳಿದೆ. ಮುಳಬಾಗಿಲಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಂಗಡದ ಸಾಲು ಬಿಲ್ಲಲ್ಲಿ ಯಾಕೆ ಹಾಕ್ತೀರಪ್ಪಾ, ಅದು ನನಗೂ ಯಜಮಾನರಿಗೂ ಗೊತ್ತಿದ್ರೆ ಸಾಲದಾ’ ಅಂದ್ರು. ಅವರು ಕೇಳಿದ್ದು ನ್ಯಾಯ. ಆ ಸಾಲನ್ನ ಎಲ್ಲಾ ಬಿಲ್ಲಿಂದ ತೆಗೆದಿದ್ದೀನಿ, ಬೇಕಾದವರಿಗೆ ಮಂಡಿಯ ಪುಸ್ತಕದಲ್ಲಿ ತೋರಿಸ್ತಾರೆ.

ಹೊಸ ಲಿಂಕು ಗುರುವಾರದಿಂದ ಹೋಗ್ತಿದೆ. ಒಂದು ಕಡೆ ಸಿಕ್ಕಿಹಾಕಿಕೊಂಡೆ, ಅದನ್ನ ಬರೀಲೇಬೇಕು. ನೀವು 303 ಅಂದಿದ್ರಿ, ನಾನು ಹಳೇ ರೂಲಿಂದ ಕಾಪಿ ಮಾಡುವಾಗ 301 ಹಾಗೇ ಬಂದುಬಿಟ್ಟಿತ್ತು. ಮೊದಲ ದಿನ ಎಲ್ಲಾ ಚೆನ್ನಾಗಿತ್ತು. ಮಾರನೇ ದಿನ ಸೆಷನ್ ಮುಗಿದಮೇಲೆ ನಾನು ಅದೇ ಎಸ್‌ಎಂಎಸ್ ಒತ್ತಿದ್ರೆ ‘ಎಸ್‌ಎಂಎಸ್‌ನಲ್ಲಿರೋ ಲಿಂಕ್ ಒತ್ತಿ’ ಅಂತಲೇ ಬರ್ತಿದೆ. ಎಷ್ಟು ಸಲ ಒತ್ತಿದ್ರೂ ಅದೇ. ಲಾಗ್ ನೋಡಿದ್ರೆ ಗುಟ್ಟಿನ ಕೋಡ್ ಸರ್ವರಿಗೆ ಬರ್ತಾನೇ ಇಲ್ಲ. ಬ್ರೌಸರ್ 301ನ ನೆನಪಿಟ್ಟುಕೊಂಡು, ನನ್ನ ಸರ್ವರನ್ನ ಕೇಳದೇ ನೇರ /ಬಿಲ್/4127ಗೆ ಹೋಗಿಬಿಡ್ತಿತ್ತು. 303 ಮಾಡಿ, ಜೊತೆಗೆ ಕ್ಯಾಶ್ ಕಂಟ್ರೋಲ್‌ಗೆ ‘ನೋ ಸ್ಟೋರ್’ (ನೆನಪಿಟ್ಟುಕೊಳ್ಳಬೇಡ) ಅಂತ ಕಳಿಸಿದಮೇಲೆ ನಿಂತಿತು. ಅಷ್ಟರಲ್ಲಿ 301 ಸಿಕ್ಕಿದ್ದ ಫೋನುಗಳಿಗೆ ಹೊಸ ಕೋಡ್ ಮಾಡಿ ಇನ್ನೊಂದು ಎಸ್‌ಎಂಎಸ್ ಕಳಿಸಬೇಕಾಯ್ತು.

ರೇಟಿನ ಪಟ್ಟಿ ಪೇಜಲ್ಲಿ ದಿನಾಂಕದ ಪ್ಯಾರಾಮೀಟರ್ ಹಾಗೇ ಬಿಟ್ಟಿದ್ದೀನಿ. ರೇಷ್ಮೆಗೂಡು ಅವರು ಹೇಳದಿದ್ರೆ ಅದನ್ನೂ ಕಿತ್ತುಹಾಕ್ತಿದ್ದೆ.

ಇವತ್ತು ಬೆಳಿಗ್ಗೆ ಮಂಡಿಯಲ್ಲಿದ್ದೆ. ಶ್ರೀನಿವಾಸಪುರದ ಕಡೆಯ ವಯಸ್ಸಾದ ರೈತರೊಬ್ಬರು 62 ಬಾಕ್ಸ್ ಹಾಕಿದ್ರು. ಎಸ್‌ಎಂಎಸ್ ಬಂದ ತಕ್ಷಣ ಲಿಂಕ್ ಒತ್ತಿ, ಬಿಲ್ಲನ್ನ ಹೆಬ್ಬೆರಳಲ್ಲಿ ಕೆಳಕ್ಕೆ ಎಳೆದು ಬಿಟ್ಟರು. ಸುತ್ತೋ ಗುರುತು ಎರಡು ಸಲ ಸುತ್ತಿತು. ನಾನು ಪಕ್ಕದಲ್ಲೇ ನಿಂತಿದ್ದೆ. ಬಿಲ್ ಅಲ್ಲೇ ಇತ್ತು. ಅವರು ಬಾಕ್ಸಿನ ಲೆಕ್ಕ, ಹಮಾಲಿ, ಕೈಗೆ ಬಂದದ್ದು ಅಂತ ತುಟಿಯಲ್ಲೇ ಕೂಡಿಸಿಕೊಂಡು ಫೋನನ್ನ ಜೇಬಿಗೆ ಹಾಕಿಕೊಂಡು ಹೋದ್ರು.

ಹಳೇ ಲಾಗುಗಳು ಹೋಸ್ಟಿಂಗ್ ಕಂಟ್ರೋಲ್ ಪ್ಯಾನೆಲ್ಲಿನ ಆರ್ಕೈವ್ ಫೋಲ್ಡರಲ್ಲೂ ತಿಂಗಳಿಗೊಂದರಂತೆ ಜಿಪ್ ಆಗಿ ಕೂತಿವೆ ಅಂತ ಈಗ ನೋಡಿದೆ. ಇವತ್ತು ರಾತ್ರಿ ಅವನ್ನ ಓದಿ ಅಳಿಸ್ತೀನಿ.